ಸ್ಪೈಡರ್‌ಮ್ಯಾನ್ ಪಕ್ಕದ ಮನೆಗೆ ಹೋಗೋಕೆ ಯಾರ ಸಹಿ ಬೇಕು?

 

2021ರ ಡಿಸೆಂಬರ್ ನೆನಪಿದ್ಯಾ? ‘ಸ್ಪೈಡರ್‌ಮ್ಯಾನ್: ನೋ ವೇ ಹೋಮ್’ ರಿಲೀಸ್ ಆಗಿತ್ತು. ಟಾಮ್ ಹಾಲೆಂಡ್ ಪಕ್ಕದಲ್ಲಿ ಟೋಬಿ ಮಗ್ವೈರ್, ಆ್ಯಂಡ್ರೂ ಗಾರ್ಫೀಲ್ಡ್ ಬಂದು ನಿಂತಾಗ ಥಿಯೇಟರ್‌ನಲ್ಲಿ ಒಂದು ಡೈಲಾಗೂ ಕೇಳಿಸಲಿಲ್ಲ, ಅಷ್ಟು ಶಿಳ್ಳೆ. ನಾನೂ ಹೊಡೆದೆ. ಮೂರು ಬೇರೆ ಬೇರೆ ಲೋಕದ ಸ್ಪೈಡರ್‌ಮ್ಯಾನ್‌ಗಳು ಒಂದೇ ಫ್ರೇಮ್‌ನಲ್ಲಿ!

ಕಥೆ ಪ್ರಕಾರ ಅವರು ಬಂದಿದ್ದು ಡಾಕ್ಟರ್ ಸ್ಟ್ರೇಂಜ್ ಹಾಕಿದ ಮಂತ್ರ ಕೆಟ್ಟು ಹೋಗಿದ್ದಕ್ಕೆ. ಆದ್ರೆ ಇನ್ನೊಂದು ಕಥೆ ಇದೆ. ಸ್ಪೈಡರ್‌ಮ್ಯಾನ್ ಸಿನಿಮಾ ಹಕ್ಕು ಸೋನಿ ಹತ್ರ ಇದೆ. ಡಾಕ್ಟರ್ ಸ್ಟ್ರೇಂಜ್ ಇರೋದು ಡಿಸ್ನಿಯ ಮಾರ್ವೆಲ್ ಹತ್ರ. ಅಂದ್ರೆ ಆ ಮಂತ್ರ ಶುರುವಾಗೋಕೂ ಮೊದಲು ಎರಡು ಕಂಪನಿಗಳ ವಕೀಲರು ಕೂತು ಸಹಿ ಹಾಕಿಸಬೇಕಾಗಿತ್ತು. ಇವತ್ತಿನ ಸಂಚಿಕೆ ಆ ಸಹಿ ಬಗ್ಗೆ. ಬೇರೆ ಬೇರೆ ಕಥೆಗಳ ಪಾತ್ರಗಳು ಒಂದೇ ಕಥೆಯಲ್ಲಿ ಸೇರೋದಕ್ಕೆ ಕ್ರಾಸ್‌ಓವರ್ ಅಂತೀವಲ್ಲ, ಅದು ಆಗುತ್ತೋ ಇಲ್ವೋ ಅನ್ನೋದನ್ನ ತೀರ್ಮಾನ ಮಾಡೋದು ಬಹಳ ಸಲ ಕಥೆಗಾರ ಅಲ್ಲ, ಪಾತ್ರದ ಮಾಲೀಕ.

ಒಂದೇ ಮನೆಯೊಳಗಿನ ಓಡಾಟ

ಸುಲಭದ್ದರಿಂದ ಶುರು ಮಾಡೋಣ. ನಮ್ಮ ಕನ್ನಡ ವಾಹಿನಿಗಳಲ್ಲಿ ‘ಮಹಾಸಂಗಮ’ ಅಂತ ಬರುತ್ತಲ್ಲ? ಎರಡು ಸೀರಿಯಲ್‌ಗಳ ಕುಟುಂಬಗಳು ಒಂದು ಹಬ್ಬಕ್ಕೋ ಮದುವೆಗೋ ಸೇರ್ತವೆ, ಒಂದಷ್ಟು ದಿನ ಎರಡರ ಕಥೆಯೂ ಒಟ್ಟಿಗೆ ಓಡುತ್ತೆ. ಇದು ಪಕ್ಕಾ ಕ್ರಾಸ್‌ಓವರ್. ಲೆಕ್ಕಾಚಾರ ಸಿಂಪಲ್: ಆ ಸೀರಿಯಲ್ ನೋಡೋರು ಈ ಸೀರಿಯಲ್ ಕಡೆ ಬರಲಿ, ಇಲ್ಲಿಯವರು ಅಲ್ಲಿಗೆ ಹೋಗಲಿ. ಆದ್ರೆ ಗಮನಿಸಿ, ಎರಡೂ ಒಂದೇ ವಾಹಿನಿಯ ಸೀರಿಯಲ್‌ಗಳು. ಒಂದು ವಾಹಿನಿಯ ಸೊಸೆ ಇನ್ನೊಂದು ವಾಹಿನಿಯ ಮನೆಗೆ ಅರಿಶಿನ-ಕುಂಕುಮಕ್ಕೆ ಹೋಗಿದ್ದನ್ನ ನಾನಂತೂ ನೋಡಿಲ್ಲ.

ಹಿಂದಿಯಲ್ಲೂ ಹಾಗೇ. 2023ರ ಜನವರಿಯಲ್ಲಿ ಬಂದ ‘ಪಠಾಣ್’ನಲ್ಲಿ ಸಲ್ಮಾನ್ ಖಾನ್‌ನ ಟೈಗರ್ ಬರ್ತಾನೆ, ಅದೇ ವರ್ಷ ನವೆಂಬರ್‌ನಲ್ಲಿ ‘ಟೈಗರ್ 3’ಗೆ ಪಠಾಣ್ ಹೋಗ್ತಾನೆ. ಎರಡೂ ಯಶ್ ರಾಜ್ ಫಿಲ್ಮ್ಸ್‌ದು. ಅಡುಗೆಮನೆಯ ಡಬ್ಬಿಯನ್ನ ಊಟದ ಮನೆಗೆ ತಂದ ಹಾಗೆ. ಯಾರನ್ನೂ ಕೇಳಬೇಕಾಗಿಲ್ಲ.

ಇದಕ್ಕೆ ಹೋಲಿಸಿದ್ರೆ ಲೋಕೇಶ್ ಕನಕರಾಜ್ ಮಾಡಿದ್ದು ಕಷ್ಟದ ಕೆಲಸ. ‘ಕೈದಿ’ (2019), ‘ವಿಕ್ರಮ್’ (2022), ‘ಲಿಯೋ’ (2023) ಮೂರೂ ಒಂದೇ ಲೋಕದ ಕಥೆಗಳು. ಆದ್ರೆ ನಿರ್ಮಾಪಕರು ಬೇರೆ ಬೇರೆ: ಡ್ರೀಮ್ ವಾರಿಯರ್ ಪಿಕ್ಚರ್ಸ್, ಕಮಲ್ ಹಾಸನ್ ಅವರ ರಾಜ್ ಕಮಲ್ ಫಿಲ್ಮ್ಸ್, ಸೆವೆನ್ ಸ್ಕ್ರೀನ್ ಸ್ಟುಡಿಯೋ. ನಿರ್ದೇಶಕ ಒಬ್ಬರೇ ಅಂದ ಮಾತ್ರಕ್ಕೆ ಪಾತ್ರ ಅವರ ಜೊತೆ ಸೂಟ್‌ಕೇಸ್‌ನಲ್ಲಿ ಬರಲ್ಲ. ಹಳೇ ನಿರ್ಮಾಪಕರು ‘ಸರಿ’ ಅನ್ನಬೇಕು.

ಅಪರೂಪಕ್ಕೆ ಒಂದು ಪಾತ್ರ ಎಲ್ಲಾ ಬೇಲಿ ದಾಟಿಬಿಡುತ್ತೆ. ಅಮೆರಿಕದ ಟಿವಿಯಲ್ಲಿ ಡಿಟೆಕ್ಟಿವ್ ಜಾನ್ ಮಂಚ್ ಅಂತ ಒಬ್ಬ ಇದ್ದ. ನಟ ರಿಚರ್ಡ್ ಬೆಲ್ಜರ್. 1993ರಲ್ಲಿ ಎನ್‌ಬಿಸಿಯ ‘ಹೋಮಿಸೈಡ್’ನಲ್ಲಿ ಹುಟ್ಟಿದ, 1999ರಿಂದ ‘ಲಾ ಆ್ಯಂಡ್ ಆರ್ಡರ್: ಎಸ್‌ವಿಯು’ಗೆ ಬಂದು ವರ್ಷಗಟ್ಟಲೆ ಇದ್ದ. ನಡುವೆ 1997ರಲ್ಲಿ ಫಾಕ್ಸ್ ವಾಹಿನಿಯ ‘ದಿ ಎಕ್ಸ್-ಫೈಲ್ಸ್’ಗೂ, 2008ರಲ್ಲಿ ಎಚ್‌ಬಿಒದ ‘ದಿ ವೈರ್’ಗೂ ಇಣುಕಿ ಹೋದ. ಅದೇ ನಟ, ಅದೇ ಪಾತ್ರ, ಬೇರೆ ಬೇರೆ ವಾಹಿನಿ. ಇವತ್ತಿಗೂ ಜನ ಇದನ್ನ ನೆನೆಸ್ಕೊಳ್ಳೋದು ಯಾಕೆ ಅಂದ್ರೆ ಹೀಗಾಗೋದು ಅಷ್ಟು ಕಮ್ಮಿ.

ಮಿಕ್ಕಿಗೂ ಬಗ್ಸ್‌ಗೂ ಸಮಪಾಲು

ಇಬ್ಬರು ದೊಡ್ಡ ಮಾಲೀಕರು ಒಪ್ಪಿಕೊಂಡ್ರೆ ಏನಾಗುತ್ತೆ? 1988ರ ‘ಹೂ ಫ್ರೇಮ್ಡ್ ರೋಜರ್ ರ್‍ಯಾಬಿಟ್’ ನೋಡಿ. ಡಿಸ್ನಿಯ ಮಿಕ್ಕಿ ಮೌಸ್, ವಾರ್ನರ್ ಬ್ರದರ್ಸ್‌ನ ಬಗ್ಸ್ ಬನ್ನಿ ಒಂದೇ ಸಿನಿಮಾದಲ್ಲಿ. ವಾರ್ನರ್‌ನವರ ಷರತ್ತು ಏನಿತ್ತು ಗೊತ್ತಾ? ನಿಮ್ಮ ಇಲಿ ಎಷ್ಟು ಹೊತ್ತು ತೆರೆ ಮೇಲೆ ಇರುತ್ತೋ, ನಮ್ಮ ಮೊಲವೂ ಅಷ್ಟೇ ಹೊತ್ತು ಇರಬೇಕು. ಅದಕ್ಕೇ ಅವರಿಬ್ಬರೂ ಒಟ್ಟಿಗೇ ಪ್ಯಾರಾಚೂಟ್‌ನಲ್ಲಿ ಇಳೀತಾರೆ. ಡೊನಾಲ್ಡ್ ಡಕ್, ಡ್ಯಾಫಿ ಡಕ್ ಎದುರುಬದುರು ಕೂತು ಪಿಯಾನೋ ನುಡಿಸ್ತಾರೆ. ಅಣ್ಣತಮ್ಮಂದಿರು ಆಸ್ತಿ ಭಾಗ ಮಾಡ್ಕೊಂಡ ಹಾಗಿದೆ, ಅಲ್ವಾ? ನೋಡೋಕೆ ಮಜಾ, ಆದ್ರೆ ದೃಶ್ಯದ ಅಳತೆ ಬರೆದಿದ್ದು ಒಪ್ಪಂದ.

ಈಗ ಸ್ಪೈಡರ್‌ಮ್ಯಾನ್ ವಿಷಯಕ್ಕೆ ಬರೋಣ. 1996ರ ಡಿಸೆಂಬರ್‌ನಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತ್ತು. ಆ ಕಷ್ಟದ ವರ್ಷಗಳಲ್ಲಿ ಅವರ ಹತ್ರ ಇದ್ದ ನಿಜವಾದ ಆಸ್ತಿ ಪಾತ್ರಗಳು. ಒಂದೊಂದನ್ನೂ ಒಬ್ಬೊಬ್ಬರಿಗೆ ಕೊಟ್ಟರು. ಎಕ್ಸ್-ಮೆನ್ ಅದಕ್ಕೂ ಮೊದಲೇ ಫಾಕ್ಸ್ ಪಾಲಾಗಿತ್ತು; 1999ರಲ್ಲಿ ಸ್ಪೈಡರ್‌ಮ್ಯಾನ್ ಸಿನಿಮಾ ಹಕ್ಕು ಸೋನಿಗೆ ಹೋಯ್ತು. ಮನೆಯ ಒಡವೆಯನ್ನ ಬೇರೆ ಬೇರೆ ಅಂಗಡಿಯಲ್ಲಿ ಅಡ ಇಟ್ಟ ಹಾಗೆ. ಅಡ ಇಟ್ಟ ಒಡವೆಯನ್ನ ಹಬ್ಬಕ್ಕೆ ಹಾಕ್ಕೊಳ್ಳೋಕಾಗುತ್ತಾ? ಆಗಲ್ಲ. 2012ರ ‘ದಿ ಅವೆಂಜರ್ಸ್’ನಲ್ಲಿ ಸ್ಪೈಡರ್‌ಮ್ಯಾನ್ ಯಾಕಿಲ್ಲ, ನ್ಯೂಯಾರ್ಕ್‌ನಲ್ಲೇ ಯುದ್ಧ ನಡೀತಿದ್ರೂ ಅವನು ಎಲ್ಲಿಗೆ ಹೋಗಿದ್ದ ಅನ್ನೋ ಪ್ರಶ್ನೆಗೆ ಉತ್ತರ ಇದೇ.

ಆ ಒಪ್ಪಂದದಲ್ಲಿ ಇನ್ನೊಂದು ಕೊಕ್ಕೆ ಇತ್ತು. ಸೋನಿ ಇಂತಿಷ್ಟು ವರ್ಷದೊಳಗೆ ಹೊಸ ಸ್ಪೈಡರ್‌ಮ್ಯಾನ್ ಸಿನಿಮಾ ಮಾಡ್ತಾ ಇರಬೇಕು, ಇಲ್ಲಾಂದ್ರೆ ಹಕ್ಕು ವಾಪಸ್. 2007ರಲ್ಲಿ ಟೋಬಿಯ ಮೂರನೇ ಸಿನಿಮಾ, 2012ಕ್ಕೇ ಆ್ಯಂಡ್ರೂ ಜೊತೆ ಮತ್ತೆ ಮೊದಲಿಂದ ಕಥೆ. ಇಷ್ಟು ಅವಸರ ಯಾಕೆ ಅಂತ ಆಗ ನಮಗೆ ಅರ್ಥ ಆಗಿರಲಿಲ್ಲ, ಈಗ ಆಗುತ್ತೆ.

2015ರ ಫೆಬ್ರವರಿಯಲ್ಲಿ ಸೋನಿ, ಮಾರ್ವೆಲ್ ರಾಜಿ ಆದ್ರು. ಸ್ಪೈಡರ್‌ಮ್ಯಾನ್ ಸಿನಿಮಾಗಳಿಗೆ ದುಡ್ಡು ಸೋನಿದು, ವಿತರಣೆ ಸೋನಿದು, ಹಕ್ಕೂ ಸೋನಿದೇ. ಸಿನಿಮಾ ರೂಪಿಸೋ ಕೆಲಸದಲ್ಲಿ ಮಾರ್ವೆಲ್ ಸ್ಟುಡಿಯೋಸ್ ಕೈ ಜೋಡಿಸುತ್ತೆ. ಬದಲಿಗೆ ಅವನು ಮಾರ್ವೆಲ್ ಸಿನಿಮಾಗಳಿಗೂ ಬರಬಹುದು. ಹಾಗೇ 2016ರ ‘ಸಿವಿಲ್ ವಾರ್’ಗೆ ಟಾಮ್ ಹಾಲೆಂಡ್ ಬಂದಿದ್ದು. ಡಿಸ್ನಿಗೆ ಲಾಭ ಏನು ಅಂತೀರಾ? ಸ್ಪೈಡರ್‌ಮ್ಯಾನ್ ಗೊಂಬೆ, ಬ್ಯಾಗು, ಟೀ-ಶರ್ಟ್ ದುಡ್ಡು ಡಿಸ್ನಿ ಕಡೆಗೇ ಹೋಗುತ್ತೆ. ಸಿನಿಮಾ ಓಡಿದಷ್ಟೂ ಗೊಂಬೆ ಮಾರಾಟ ಆಗುತ್ತೆ. ಕಾಮರ್ಸ್ ಓದಿದವನಿಗೆ ಇದು ಬಾಯಲ್ಲಿ ನೀರೂರಿಸೋ ಡೀಲ್.

ಆಮೇಲೆ 2019ರ ಆಗಸ್ಟ್‌ನಲ್ಲಿ ಡೀಲ್ ಮುರಿದುಬಿತ್ತು. ಡಿಸ್ನಿ ಬಂಡವಾಳದಲ್ಲೂ ಲಾಭದಲ್ಲೂ ಅರ್ಧ ಪಾಲು ಕೇಳ್ತು, ಸೋನಿ ಒಪ್ಪಲಿಲ್ಲ ಅಂತ ಆಗ ವರದಿಗಳು ಬಂದವು. ಆ ವಾರ ಟ್ವಿಟರ್‌ನಲ್ಲಿ ಜನ ಗೋಳಾಡಿದ್ದು ನೋಡಿದ್ರೆ ಯಾರದೋ ಮನೆಯಲ್ಲಿ ಡಿವೋರ್ಸ್ ಆಗಿದೆ ಅನ್ನಿಸ್ತಿತ್ತು. ಸೆಪ್ಟೆಂಬರ್ ಕೊನೆಗೆ ಮತ್ತೆ ರಾಜಿ. ಅದಾಗದೇ ಇದ್ದಿದ್ರೆ ‘ನೋ ವೇ ಹೋಮ್’ ನಾವು ನೋಡಿದ ರೂಪದಲ್ಲಿ ಇರ್ತಿರಲಿಲ್ಲ. ಆ ಸಿನಿಮಾ ಪ್ರಪಂಚದಾದ್ಯಂತ 190 ಕೋಟಿ ಡಾಲರ್‌ಗಿಂತ ಹೆಚ್ಚು ಗಳಿಸ್ತು. ಜಗಳ ಮುಂದುವರಿದಿದ್ರೆ ಇಬ್ಬರಿಗೂ ನಷ್ಟ ಎಷ್ಟಾಗ್ತಿತ್ತು ಯೋಚನೆ ಮಾಡಿ.

ಇನ್ನು ಎಕ್ಸ್-ಮೆನ್ ಕಥೆ? ಅಲ್ಲಿ ಡಿಸ್ನಿ ರಾಜಿ ಮಾಡ್ಕೊಳ್ಳೋ ಗೋಜಿಗೇ ಹೋಗಲಿಲ್ಲ. 2019ರ ಮಾರ್ಚ್‌ನಲ್ಲಿ ಫಾಕ್ಸ್‌ನ ಸಿನಿಮಾ-ಟಿವಿ ವ್ಯವಹಾರದ ದೊಡ್ಡ ಭಾಗವನ್ನೇ ಸುಮಾರು 7,100 ಕೋಟಿ ಡಾಲರ್‌ಗೆ ಕೊಂಡುಕೊಂಡ್ತು. 2024ರ ‘ಡೆಡ್‌ಪೂಲ್ ಆ್ಯಂಡ್ ವುಲ್ವರಿನ್’ ಬಂದಿದ್ದು ಹಾಗೆ. ಪಕ್ಕದ ಮನೆಯವರು ಮಗುವನ್ನ ಆಟಕ್ಕೆ ಕಳಿಸದಿದ್ರೆ ಪಕ್ಕದ ಮನೆಯನ್ನೇ ಕೊಂಡುಕೊಳ್ಳೋದು!

ಯಾರೂ ಮಾಲೀಕರಿಲ್ಲದ ಕ್ರಾಸ್‌ಓವರ್

ಇದೆಲ್ಲ ಹೊಸದು ಅಂದ್ಕೊಂಡ್ರಾ? ಮಹಾಭಾರತದ ವನಪರ್ವದಲ್ಲಿ ಭೀಮ ದ್ರೌಪದಿಗೋಸ್ಕರ ಸೌಗಂಧಿಕಾ ಪುಷ್ಪ ತರೋಕೆ ಹೋಗ್ತಾನೆ. ದಾರಿಯಲ್ಲಿ ಒಬ್ಬ ಮುದಿ ಕೋತಿ ಬಾಲ ಅಡ್ಡ ಹಾಕ್ಕೊಂಡು ಮಲಗಿದೆ. ಭೀಮನಿಗೆ ಆ ಬಾಲ ಎತ್ತೋಕಾಗಲ್ಲ. ಯಾರು ಅದು? ಹನುಮಂತ. ರಾಮಾಯಣದ ಹೀರೋ ಮಹಾಭಾರತಕ್ಕೆ ಗೆಸ್ಟ್ ಅಪಿಯರೆನ್ಸ್. ನಮ್ಮ ಯಕ್ಷಗಾನದ ‘ಕೃಷ್ಣಾರ್ಜುನ ಕಾಳಗ’ದಲ್ಲಂತೂ ಪ್ರಾಣಸ್ನೇಹಿತರಾದ ಕೃಷ್ಣ, ಅರ್ಜುನರನ್ನೇ ಎದುರುಬದುರು ನಿಲ್ಲಿಸ್ತಾರೆ. ಅದಕ್ಕೆ ಯಾವ ಸ್ಟುಡಿಯೋ ಅನುಮತಿಯೂ ಬೇಕಾಗಿರಲಿಲ್ಲ. ಆ ಪಾತ್ರಗಳು ಊರ ಕೆರೆ ಥರ, ಯಾರು ಬೇಕಾದ್ರೂ ಕೊಡ ತುಂಬಿಸ್ಕೊಳ್ಳಬಹುದು.

ಕಾಪಿರೈಟ್ ಇರೋ ಪಾತ್ರಗಳೂ ಒಂದಿನ ಆ ಕೆರೆಗೇ ಸೇರ್ತವೆ, ಆದ್ರೆ ತಡವಾಗಿ. 1906ರಲ್ಲಿ ಫ್ರೆಂಚ್ ಲೇಖಕ ಮಾರಿಸ್ ಲೆಬ್ಲಾಂಕ್ ತನ್ನ ಕಳ್ಳ ಆರ್ಸೆನ್ ಲುಪಿನ್ ಎದುರಿಗೆ ಷರ್ಲಾಕ್ ಹೋಮ್ಸ್‌ನನ್ನ ತಂದ. ಕಾನನ್ ಡಾಯ್ಲ್ ಕಡೆಯಿಂದ ಆಕ್ಷೇಪ ಬಂತು. ಆಮೇಲೆ ಆ ಪಾತ್ರದ ಹೆಸರು ‘ಹರ್ಲಾಕ್ ಷೋಮ್ಸ್’ ಆಯ್ತು! ಹೋಮ್ಸ್‌ನ ಕೊನೆಯ ಕಥೆಗಳು ಅಮೆರಿಕದಲ್ಲಿ ಪೂರ್ತಿ ಸಾರ್ವಜನಿಕ ಆಗಿದ್ದು 2023ರ ಜನವರಿ 1ಕ್ಕೆ. ಮಿಕ್ಕಿಯ ಮೊದಲ ರೂಪ, ‘ಸ್ಟೀಮ್‌ಬೋಟ್ ವಿಲ್ಲಿ’ದು, 2024ರ ಜನವರಿ 1ಕ್ಕೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ.

ಆ 130 ಡಾಲರ್

ಈಗ ನಾನು ಈ ಸಂಚಿಕೆ ಯಾಕೆ ಮಾಡಿದೆ ಅಂತ ಹೇಳ್ತೀನಿ.

1938ರಲ್ಲಿ ಜೆರ್ರಿ ಸೀಗಲ್, ಜೋ ಶುಸ್ಟರ್ ಅನ್ನೋ ಇಬ್ಬರು ಹುಡುಗರು ತಮ್ಮ ಸೂಪರ್‌ಮ್ಯಾನ್ ಹಕ್ಕನ್ನ 130 ಡಾಲರ್‌ಗೆ ಬರೆದುಕೊಟ್ಟರು. ಮುಂದೆ ಕೋರ್ಟು, ಕಷ್ಟ, ಬಡತನ. 1975ರಲ್ಲಿ ದೊಡ್ಡ ಗಲಾಟೆ ಆದ ಮೇಲೆ ಕಂಪನಿ ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ಪಿಂಚಣಿ ಕೊಡ್ತು, ಸೃಷ್ಟಿಕರ್ತರು ಅಂತ ಹೆಸರು ಹಾಕೋಕೆ ಒಪ್ಪಿಕೊಂಡ್ತು. ಮರುವರ್ಷ, 1976ರಲ್ಲಿ, ಸೂಪರ್‌ಮ್ಯಾನ್-ಸ್ಪೈಡರ್‌ಮ್ಯಾನ್ ಎದುರಾಗೋ ಕಾಮಿಕ್ ಬಂತು, ಡಿಸಿ ಮತ್ತು ಮಾರ್ವೆಲ್ ಸೇರಿ ಮಾಡಿದ್ದು. ಆ ಕೈಕುಲುಕು ಎರಡು ಕಂಪನಿಗಳದ್ದು. ಸೂಪರ್‌ಮ್ಯಾನ್‌ನನ್ನ ಹುಟ್ಟಿಸಿದವರ ಒಪ್ಪಿಗೆ ಯಾರಿಗೂ ಬೇಕಾಗಿರಲಿಲ್ಲ.

ನಂದು ಅಷ್ಟು ದೊಡ್ಡ ಕಥೆಯಲ್ಲ. ಕೆಲವು ವರ್ಷದ ಹಿಂದೆ ಒಂದು ಆಡಿಯೋ ಆ್ಯಪ್‌ಗೆ ಹನ್ನೆರಡು ಕಂತಿನ ಕಥೆ ಬರೆದಿದ್ದೆ. ಅದ್ರಲ್ಲಿ ಒಬ್ಬ ರಿಟೈರ್ಡ್ ಬ್ಯಾಂಕ್ ಕ್ಯಾಷಿಯರ್ ಇದ್ರು. ನಮ್ಮ ತಾತನ ಮಾತಿನ ಶೈಲಿ, ಅವರದ್ದೇ ಸಿಡುಕು. ಈ ಪಾಡ್‌ಕಾಸ್ಟ್ ಶುರು ಮಾಡಿದಾಗ ಅವರನ್ನ ಇಲ್ಲಿಗೂ ಕರೆತಂದು, ಬಜೆಟ್ ದಿನ ಅವರ ಬಾಯಲ್ಲಿ ಲೆಕ್ಕ ಹೇಳಿಸೋಣ ಅಂದ್ಕೊಂಡೆ. ಒಪ್ಪಂದ ತೆಗೆದು ನೋಡಿದೆ. ಪಾತ್ರ, ಹೆಸರು, ಎಲ್ಲ ಮಾಧ್ಯಮ, ಇಡೀ ಪ್ರಪಂಚ, ಕಾಪಿರೈಟ್ ಇರೋವರೆಗೂ ಅವರದ್ದು. ಆ ಶೋ ಈಗ ಆ ಆ್ಯಪ್‌ನಲ್ಲೂ ಇಲ್ಲ, ತೆಗೆದುಹಾಕಿದ್ದಾರೆ. ಆದ್ರೂ ನಮ್ಮ ತಾತನ ದನಿ ಇರೋ ಆ ಮನುಷ್ಯನ ಹೆಸರನ್ನ ನಾನು ಇಲ್ಲಿ ಹೇಳೋ ಹಾಗಿಲ್ಲ. ಬಿ.ಕಾಂ.ನಲ್ಲಿ ಬಿಸಿನೆಸ್ ಲಾ ಪಾಸ್ ಮಾಡಿದವನು ನಾನು. ಸಹಿ ಹಾಕೋವಾಗ ಕೊನೆ ಪುಟದ ಮೊತ್ತ ಮಾತ್ರ ನೋಡಿದ್ದೆ.

ಅದಕ್ಕೇ, ನಿಮ್ಮಲ್ಲಿ ಕಥೆ ಬರೆಯೋರು, ಕಾಮಿಕ್ ಬಿಡಿಸೋರು, ರೀಲ್ಸ್‌ನಲ್ಲಿ ಒಂದು ಪಾತ್ರ ಕಟ್ಟಿ ಫೇಮಸ್ ಆಗ್ತಿರೋರು ಇದ್ರೆ, ಸಹಿ ಹಾಕೋ ಮೊದಲು ಮೂರು ವಿಷಯ ನೋಡಿ.

ಒಂದು, ಕೊಡ್ತಿರೋದು ಈ ಒಂದು ಕಥೆಯನ್ನಾ, ಅಥವಾ ಪಾತ್ರವನ್ನೇನಾ? ಎರಡೂ ಬೇರೆ.

ಎರಡು, ಎಷ್ಟು ವರ್ಷಕ್ಕೆ, ಎಲ್ಲೆಲ್ಲಿಗೆ? ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಬರೆದುಕೊಡೋದು ಲಿಖಿತವಾಗಿರಬೇಕು, ಸಹಿ ಇರಬೇಕು. ಅವಧಿ ಬರೆದಿಲ್ಲದಿದ್ರೆ 5 ವರ್ಷ ಅಂತ, ಜಾಗ ಬರೆದಿಲ್ಲದಿದ್ರೆ ಭಾರತ ಮಾತ್ರ ಅಂತ ತಿಳ್ಕೋಬೇಕು. ಆದ್ರೆ ನನ್ನ ಒಪ್ಪಂದದ ಹಾಗೆ ಎಲ್ಲ ಬರೆದಿದ್ರೆ ಈ ರಕ್ಷಣೆ ಕೆಲಸಕ್ಕೆ ಬರಲ್ಲ.

ಮೂರು, ಅವರು ಬಳಸದೇ ಸುಮ್ಮನೆ ಇಟ್ಕೊಂಡ್ರೆ ವಾಪಸ್ ಬರುತ್ತಾ? ಒಪ್ಪಂದದಲ್ಲಿ ಬೇರೆ ಥರ ಬರೆದಿಲ್ಲದಿದ್ರೆ, 1 ವರ್ಷ ಬಳಸದ ಹಕ್ಕು ಬಿದ್ದುಹೋಗುತ್ತೆ ಅಂತ ಅದೇ ಕಾಯ್ದೆ ಹೇಳುತ್ತೆ. ‘ಬೇರೆ ಥರ ಬರೆದಿರೋ’ ಸಾಲು ಎಲ್ಲಿದೆ ಹುಡುಕಿ. ಮಾರ್ವೆಲ್‌ನಂಥ ದಿವಾಳಿ ಕಂಪನಿ ಕೂಡ ಸ್ಪೈಡರ್‌ಮ್ಯಾನ್ ಕೊಡೋವಾಗ ವಾಪಸ್ ಬರೋ ದಾರಿ ಇಟ್ಕೊಂಡಿತ್ತು. ನಾನು ಇಟ್ಕೊಂಡಿರಲಿಲ್ಲ.

ಸೂಪರ್‌ಮ್ಯಾನ್‌ನ 1938ರ ಮೊದಲ ಕಥೆ ಅಮೆರಿಕದಲ್ಲಿ ಸಾರ್ವಜನಿಕ ಆಗೋದು 2034ರ ಜನವರಿ 1ಕ್ಕೆ. ಟ್ರೇಡ್‌ಮಾರ್ಕ್ ಕಿರಿಕಿರಿ ಆಮೇಲೂ ಇರುತ್ತೆ, ಆದ್ರೂ ಆ ಹಳೇ ಸೂಪರ್‌ಮ್ಯಾನ್ ಊರ ಕೆರೆಗೆ ಬಂದ ಹಾಗೇ. ನನ್ನ ಕ್ಯಾಷಿಯರ್‌ದು ಲೆಕ್ಕ ಹಾಕಿದೆ: ನಾನು ಸತ್ತು 60 ವರ್ಷ ಆಗಬೇಕು. ತಾತ ಇದ್ದಿದ್ರೆ ಬಡ್ಡಿ ಸಮೇತ ಬೈತಿದ್ರು.

ಸರಿ, ಈ ವಾರದ ಪ್ರಶ್ನೆ: ನಿಮಗೆ ಯಾವ ಎರಡು ಪಾತ್ರಗಳು ಒಟ್ಟಿಗೆ ಬರಬೇಕು ಅಂತ ಆಸೆ? ವಾಯ್ಸ್ ನೋಟ್ ಕಳಿಸಿ. ಜೊತೆಗೆ, ಅದಕ್ಕೆ ಯಾರ್ಯಾರ ಸಹಿ ಬೇಕಾಗುತ್ತೆ ಅಂತಾನೂ ಹೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.