ಮುದಿ ನಾಯಿಯ ಆರೈಕೆ ನಮಗೆ ಸಲ್ಲುತ್ತದೆಯೇ?

ಪ್ರಾಣಿಗಳ ಹಕ್ಕಿನ ಬಗ್ಗೆ ಖುತ್ಬಾ ಮುಗಿದ ಮೇಲೆ ಸಹೋದರರೊಬ್ಬರು ಕೇಳಿದರು: "ಉಸ್ತಾದರೇ, ಪ್ರಾಣಿಗಳ ಆಶ್ರಯ ಕೇಂದ್ರದಲ್ಲಿ ಒಂದು ಮುದಿ ನಾಯಿ ಇದೆ. ತುಂಬಾ ಸಾಧು. ಮೂತ್ರಪಿಂಡದ ಕಾಯಿಲೆ ಇರುವುದರಿಂದ ಯಾರೂ ಒಯ್ಯುತ್ತಿಲ್ಲ. ಮಗಳು ತರೋಣ ಅನ್ನುತ್ತಾಳೆ, ಮನೆಯವಳು ಹರಾಮ್ ಅನ್ನುತ್ತಾಳೆ."

ನಾಯಿಯ ಮಾಂಸ ಹರಾಮ್, ಅದರ ಮೇಲಿನ ಕರುಣೆ ಹರಾಮಲ್ಲ. ಬಾಯಾರಿ ಒದ್ದೆ ಮಣ್ಣು ನೆಕ್ಕುತ್ತಿದ್ದ ನಾಯಿಗಾಗಿ ಬಾವಿಗಿಳಿದು, ತನ್ನ ಪಾದರಕ್ಷೆಯಲ್ಲಿ ನೀರು ತುಂಬಿ, ಅದನ್ನು ಬಾಯಲ್ಲಿ ಕಚ್ಚಿಕೊಂಡು ಮೇಲೆ ಬಂದವನನ್ನು ಅಲ್ಲಾಹನು ಕ್ಷಮಿಸಿದ ಘಟನೆ ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಗುಹಾವಾಸಿಗಳ ನಾಯಿಯನ್ನು ಸೂರಃ ಅಲ್ ಕಹ್ಫ್‌ನಲ್ಲಿ ನಾವು ಓದುತ್ತೇವೆ.

ಆದರೆ ಇನ್ನೊಂದು ಮಗ್ಗುಲನ್ನು ಮುಚ್ಚಿಡುವಂತಿಲ್ಲ. ಬೇಟೆ, ಜಾನುವಾರು, ಬೇಸಾಯದ ಕಾವಲಿಗಲ್ಲದೆ ನಾಯಿ ಸಾಕಿದವನ ಪುಣ್ಯ ದಿನವೂ ಕಡಿಮೆಯಾಗುತ್ತದೆ, ನಾಯಿಯಿರುವ ಮನೆಗೆ ಮಲಕ್‌ಗಳು ಬರುವುದಿಲ್ಲ ಎಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಶೋಕಿಗೆ ಸಾಕುವುದು ಬೇರೆ, ಕಾಯಿಲೆಯ ಜೀವಕ್ಕೆ ಕೊನೆಗಾಲದಲ್ಲಿ ಮದ್ದು ಕೊಡುವುದು ಬೇರೆ ಎಂಬುದು ನನ್ನ ತಿಳುವಳಿಕೆ. ಹಿತ್ತಲಿದ್ದರೆ ಅಲ್ಲಿ ಮಳೆ ತಾಗದಂತೆ ಒಂದು ಮಾಡು ಕಟ್ಟಿ ಇಟ್ಟುಕೊಳ್ಳಿ. ಫ್ಲ್ಯಾಟಿನಲ್ಲಿರುವವರು ಅದನ್ನು ಕೇಂದ್ರದಲ್ಲೇ ಬಿಟ್ಟು ಔಷಧದ ಖರ್ಚು ವಹಿಸಿಕೊಳ್ಳುವುದು ಉತ್ತಮ. ಇನ್ನೊಬ್ಬ ಆಲಿಮರು ಬೇರೆ ಹೇಳಿದರೆ ಅದಕ್ಕೂ ಆಧಾರವಿರಬಹುದು.

ನಜಸಿನ ಬಗ್ಗೆ ಗಾಬರಿ ಬೇಡ. ನಾಯಿಯೂ ಬಟ್ಟೆಯೂ ಒಣಗಿದ್ದರೆ ತಾಗಿದರೂ ತೊಳೆಯಬೇಕಾಗಿಲ್ಲ. ಒದ್ದೆಯಿದ್ದರೆ, ಇಲ್ಲವೇ ನೆಕ್ಕಿದರೆ, ಶಾಫಿಗಳು ಏಳು ಸಲ, ಅದರಲ್ಲಿ ಒಮ್ಮೆ ಮಣ್ಣು ಬೆರೆಸಿ ತೊಳೆಯಬೇಕು. ಹನಫಿಗಳಲ್ಲಿ ಜೊಲ್ಲು ನಜಸ್, ನೆಕ್ಕಿದ ಪಾತ್ರೆಯನ್ನು ಮೂರು ಸಲ ತೊಳೆದರೆ ಸಾಕು. ಮಾಲಿಕಿಗಳು ನಾಯಿಯನ್ನು ಶುದ್ಧವೆಂದೇ ಎಣಿಸುತ್ತಾರೆ. ಅದರ ತಟ್ಟೆ ಬೇರೆ, ನಮಾಝಿನ ಬಟ್ಟೆ ಬೇರೆ ಇಟ್ಟರೆ ಅರ್ಧ ಚಿಂತೆ ಮುಗಿಯಿತು.

ಕಷ್ಟ ಇರುವುದು ಆರೈಕೆಯಲ್ಲಿ. ಮೂತ್ರಪಿಂಡ ಸೋತ ನಾಯಿ ಹೆಚ್ಚು ನೀರು ಕುಡಿಯುತ್ತದೆ, ಪದೇ ಪದೇ ಮೂತ್ರ ಮಾಡುತ್ತದೆ. ನೀರು ಸದಾ ಮುಂದಿರಬೇಕು, ಆಹಾರ ಪಶುವೈದ್ಯರು ಹೇಳಿದ್ದೇ ಆಗಬೇಕು. ಪ್ರೀತಿಯಿಂದ ಬಿರಿಯಾನಿ ಹಾಕಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಹಾಳುಮಾಡುತ್ತವೆ. ಬಕ್ರೀದಿನ ಬೆಂದ ಮೂಳೆ ಚೂರಾಗಿ ಕರುಳು ಸೀಳಬಹುದು. ನಮ್ಮ ನೋವಿನ ಮಾತ್ರೆ ಅದಕ್ಕೆ ವಿಷ. ಎಷ್ಟೇ ಸಾಧುವಾದರೂ ನೋವಿದ್ದಾಗ ಕಚ್ಚೀತು. ರೇಬೀಸ್ ಲಸಿಕೆ ತಪ್ಪಿಸಬೇಡಿ. ಕಚ್ಚಿದರೆ ಗಾಯವನ್ನು ಹರಿಯುವ ನೀರಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ.

ಬೆಕ್ಕನ್ನು ಕೂಡಿಹಾಕಿ ಉಪವಾಸ ಕೆಡವಿದ ಹೆಂಗಸು ನರಕಕ್ಕೆ ಹೋದಳೆಂಬ ಹದೀಸ್ ನಿಮಗೆ ಗೊತ್ತು. ತಂದ ಮೇಲೆ ಮದ್ದು ತಪ್ಪಿಸುವುದಕ್ಕಿಂತ ತರದಿರುವುದೇ ಮೇಲು. ಹಾಗಾಗಿ ಆ ಸಹೋದರರಿಗೆ ಹೇಳಿದ್ದಿಷ್ಟು: ತಿಂಗಳ ಔಷಧಕ್ಕೆ ಎಷ್ಟಾಗುತ್ತದೆಂದು ಮೊದಲು ಕೇಳಿಕೊಳ್ಳಿ. ಮಗಳಿಗೆ ಪರೀಕ್ಷೆ ಇದ್ದಾಗ ಮಾತ್ರೆ ಕೊಡುವವರು ಯಾರೆಂದು ಗೊತ್ತುಮಾಡಿಕೊಳ್ಳಿ. ಮನೆಯವರ ಒಪ್ಪಿಗೆ ಸಿಕ್ಕಿದ ಮೇಲೆಯೇ ಕೇಂದ್ರಕ್ಕೆ ಹೋಗಿ.