ಇಲೆವೆನ್ ಪ್ಲಸ್ ಮುಗೀಲಿ, ಆಮೇಲೆ ಸಂಗೀತ!



"ಮಗೂನ ಯಾವಾಗ ಸಂಗೀತಕ್ಕೆ ಸೇರಿಸೋದು?" ನಮ್ಮ ಲಂಡನ್ ಕನ್ನಡಿಗರ ಹುಟ್ಟುಹಬ್ಬದ ಪಾರ್ಟಿಗಳಲ್ಲಿ ಬಿಸಿಬೇಳೆಬಾತ್ ಎರಡನೇ ಸಲ ಬಡಿಸುವ ಹೊತ್ತಿಗೆ ಸರಿಯಾಗಿ ಏಳುವ ಪ್ರಶ್ನೆ ಇದು. ಒಬ್ಬರು ಐದು ವರ್ಷಕ್ಕೇ ಅಂತಾರೆ. ಇನ್ನೊಬ್ಬರು ಹಾಲುಹಲ್ಲು ಬಿದ್ದು ಹೊಸದು ಬರಲಿ ಅಂತಾರೆ. ನಮ್ಮ ಮನೆಯಲ್ಲಿ ಮಾತ್ರ ಸಿದ್ಧ ಉತ್ತರವಿತ್ತು: "ಇಲೆವೆನ್ ಪ್ಲಸ್ ಮುಗೀಲಿ, ಆಮೇಲೆ." ಆ 'ಆಮೇಲೆ' ಏನಾಯಿತು ಅಂತ ಹೇಳೋಣ ಅಂತಲೇ ಈ ಬರಹ.

ಮಗನಿಗೆ ಏಳು ವರ್ಷವಿದ್ದಾಗ ಒಂದು ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಅವನ ವಯಸ್ಸಿನ ಮಕ್ಕಳು ದೇವರನಾಮ ಹಾಡಿದರು. ಇವನು ಸಮೋಸ ಕೈಯಲ್ಲಿ ಹಿಡಿದು ತಿನ್ನೋದನ್ನೂ ಮರೆತು ವೇದಿಕೆ ಪಕ್ಕವೇ ನಿಂತಿದ್ದ. ವಾರವಿಡೀ ಬಾತ್‌ರೂಮಿನಿಂದ ಅದೇ ಗುನುಗು. "ಅಪ್ಪಾ, ನಾನೂ ಕಲೀಲಾ?" ಅಂತ ಅವನೇ ಬಂದು ಕೇಳಿದ. ಈಗ ಯೋಚಿಸಿದರೆ ಮುಹೂರ್ತ ಅಂದರೆ ಅದೇ ಆಗಿತ್ತು. ಆದರೆ ನಮ್ಮ ಬ್ರೆಂಟ್‌ನಲ್ಲಿ ಗ್ರಾಮರ್ ಶಾಲೆ ಇಲ್ಲ, ಪಕ್ಕದ ಬಾರ್ನೆಟ್‌ನಲ್ಲಿ ಇವೆ. ಅದರ ಚಿಂತೆ ಏಳಕ್ಕೇ ಶುರು! ಶನಿವಾರ ವರ್ಬಲ್ ರೀಸನಿಂಗ್, ಭಾನುವಾರ ಮ್ಯಾಥ್ಸ್. ಸಂಗೀತಕ್ಕೆ ಜಾಗವೆಲ್ಲಿ?

ಪರೀಕ್ಷೆ ಬಂತು, ಹೋಯಿತು. ಸೀಟು ಸಿಕ್ಕಲಿಲ್ಲ, ಅದಿರಲಿ. ಹೊಸ ಶಾಲೆಗೆ ಹೊಂದಿಕೊಳ್ಳಲಿ ಅಂದೆವು. ಆಮೇಲೆ ಅಡುಗೆಮನೆ ರಿಪೇರಿ. ಅಷ್ಟರಲ್ಲಿ ಹುಡುಗನಿಗೆ ಹದಿಮೂರು ತುಂಬಿತು.

ಹೋದ ಸೆಪ್ಟೆಂಬರ್‌ನಲ್ಲಿ ಕೊನೆಗೂ ಸೇರಿಸಿದೆವು. ವೆಸ್ಟ್ ಕೆನ್ಸಿಂಗ್ಟನ್‌ನ ಭಾರತೀಯ ವಿದ್ಯಾಭವನ ನಿಮಗೆಲ್ಲ ಗೊತ್ತೇ ಇದೆ, 1972ರಲ್ಲಿ ಲಂಡನ್‌ನಲ್ಲಿ ಶುರುವಾದದ್ದು. ಆದರೆ ಜುಬಿಲಿ ಲೈನ್ ಹಿಡಿದು, ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಳಿದು ಡಿಸ್ಟ್ರಿಕ್ಟ್ ಲೈನ್ ಹತ್ತುವ ಸೋಮಾರಿತನ ನಮಗೆ. ಕೆಂಟನ್‌ನಲ್ಲಿ ಮನೆಯಲ್ಲೇ ಪಾಠ ಹೇಳುವ ಮೈಸೂರಿನ ಮೇಡಂ ಒಬ್ಬರು ಸಿಕ್ಕರು. ಅವರ ಹಾಲ್‌ನಲ್ಲಿ ಚಾಪೆ ಹಾಸಿ ಕೂತವರೆಲ್ಲ ಎಂಟು, ಒಂಬತ್ತರ ಚಿಳ್ಳೆಪಿಳ್ಳೆಗಳು. ನಡುವೆ ನಮ್ಮವನು, ಮಡಿಸಿದ ಮೊಣಕಾಲು ಎಲ್ಲಿಡಬೇಕೋ ತಿಳಿಯದೆ.

ಮಾಯಾಮಾಳವಗೌಳದಲ್ಲಿ ಮೊದಲ ಸರಳೆ. ಸ ರಿ ಗ ಮ ಹೇಗೋ ಹತ್ತಿದ. ಮೇಲಿನ ಷಡ್ಜಕ್ಕೆ ಹೋಗುವಷ್ಟರಲ್ಲಿ ದನಿ ಒಡೆದು ಎರಡಾಯಿತು. ಒಂದು ಅವನದು, ಇನ್ನೊಂದು ಯಾವುದೋ ಬಾತುಕೋಳಿಯದು. ಮಕ್ಕಳು ಕಿಸಕ್ಕನೆ ನಕ್ಕರು. ನಾನೂ ಒಂದು ಕ್ಷಣ ನಕ್ಕುಬಿಟ್ಟೆ. ಅದು ತಪ್ಪಾಯಿತು.

ಕಾರಿನಲ್ಲಿ ಬಹಳ ಹೊತ್ತು ಸುಮ್ಮನಿದ್ದ. ಕೆಂಟನ್ ರೋಡಿನ ಸಿಗ್ನಲ್ ಹತ್ತಿರ ಕಿಟಕಿ ಕಡೆ ನೋಡುತ್ತಾ ಹೇಳಿದ: "ನಾನು ಕೇಳಿದಾಗ ನನ್ನ ವಾಯ್ಸ್ ಚೆನ್ನಾಗಿತ್ತು. ನೀವು ಆಮೇಲೆ ಅಂದ್ರಿ. ಈಗ ಇದೇ ಇರೋದು." ಉತ್ತರ ಹೊಳೆಯಲಿಲ್ಲ ಸ್ವಾಮಿ. ಸಿಗ್ನಲ್ ಹಸಿರಾಗಿದ್ದೂ ನೋಡದೆ ಹಿಂದಿನವನಿಂದ ಹಾರ್ನ್ ಹೊಡೆಸಿಕೊಂಡೆ.

ಆ ರಾತ್ರಿಯೇ ಮೇಡಂಗೆ ಫೋನ್ ಮಾಡಿ, ಒಂದೆರಡು ವರ್ಷ ಬಿಟ್ಟು ಕಳಿಸಲೇ ಅಂದೆ. "ಮತ್ತೆ ಆಮೇಲೇನಾ ಸಾರ್?" ಅಂದರು! ಹುಡುಗರಿಗೆ ಸುಮಾರು ಹನ್ನೆರಡರಿಂದ ಹದಿನೈದರೊಳಗೆ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ದನಿ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಹಾಗಂತ ಬಾಯಿ ಮುಚ್ಚಿಸಬಾರದಂತೆ. ಶ್ರುತಿ ಇಳಿಸಬೇಕು, ತಾರಸ್ಥಾಯಿಗೆ ಎಳೆಯಬಾರದು, ಸ್ವಲ್ಪ ಹೊತ್ತು ಹಾಡಿಸಿ ಉಳಿದ ಸಮಯ ತಾಳ ಹಾಕಿಸಬೇಕು, ಕೇಳಿಸಬೇಕು. ಏಳಕ್ಕೆ ಬಂದಿದ್ದರೆ ಈ ಹೊತ್ತಿಗೆ ಸ್ವರಜ್ಞಾನ ಕಿವಿಯಲ್ಲಿ ಕೂತಿರುತ್ತಿತ್ತು, ಗಂಟಲು ಕೈಕೊಟ್ಟರೂ ಕಿವಿ ಕೈಬಿಡುತ್ತಿರಲಿಲ್ಲ ಅಂತಲೂ ಹೇಳಿದರು. ಸಮಾಧಾನ ಹೇಳುವಾಗ ನಿಜ ಮುಚ್ಚಿಡುವವರಲ್ಲ ಅವರು.

ಜೊತೆಗೆ ಕುಂದಗೋಳದ ಕಥೆ ಹೇಳಿದರು. ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದನೇ ವಯಸ್ಸಿಗೇ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. (ನೋಡಿ, ಅದು ಅವರ ಇಲೆವೆನ್ ಪ್ಲಸ್!) ಊರೂರು ಅಲೆದು 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರಾದಾಗ ಹದಿನಾಲ್ಕು, ನಮ್ಮವನ ವಯಸ್ಸಿಗೆ ಒಂದೇ ಜಾಸ್ತಿ. ಅದೇ ಗುರುಗಳ ಹತ್ತಿರ, ಅದೇ ದಶಕದ ಕೊನೆಯಲ್ಲಿ, ಹುಬ್ಬಳ್ಳಿಯಿಂದ ರೈಲು ಹಿಡಿದು ಪಾಠಕ್ಕೆ ಬರುತ್ತಿದ್ದವರು ಗಂಗೂಬಾಯಿ ಹಾನಗಲ್. ಮೊದಲೂ ಕಲಿತಿದ್ದರು, ನಿಜ. ಆದರೆ ಬಿಗಿಯಾದ ತಾಲೀಮು ಸಿಕ್ಕಿದ್ದು ಆಗ, ಇಪ್ಪತ್ತೈದರ ಆಸುಪಾಸಿನಲ್ಲಿ, ಮಕ್ಕಳ ತಾಯಿಯಾದ ಮೇಲೆ. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದೂಸ್ತಾನಿಗೆ ತೊಡಕಾಗಬಾರದು ಅಂತ ತಾನು ಹಾಡುವುದನ್ನೇ ನಿಲ್ಲಿಸಿದ ಮಹಾತಾಯಿ. ನಾನು ಮಗನಿಗಾಗಿ ಬಿಟ್ಟದ್ದೇನು? ಒಂದು ಶನಿವಾರ ಬೆಳಗ್ಗೆಯನ್ನೂ ಬಿಟ್ಟಿರಲಿಲ್ಲ.

ನನ್ನದೂ ಒಂದು ಹಳೇ ಬಾಕಿ ಇದೆ. ನಾನು ಅರಕಲಗೂಡಿನವನು. ಸಂಗೀತಗಾರರ ಊರು ಅಂತಲೇ ಹೆಸರಾದ ರುದ್ರಪಟ್ಟಣ ನಮ್ಮ ತಾಲ್ಲೂಕಿನದೇ. ಅಲ್ಲಿ ಹುಟ್ಟಿದ ಆರ್. ಕೆ. ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದವರು. ಅಂಥ ನೆಲದಲ್ಲಿ ನಮ್ಮಕ್ಕ ಪಾಠಕ್ಕೆ ಹೋಗುತ್ತಿದ್ದಳು, ನಾನು ಬಾಗಿಲ ಹೊರಗೆ ಅವಳ ಚಪ್ಪಲಿ ಕಾಯುತ್ತಿದ್ದೆ. "ಎಸ್ಸೆಸ್ಸೆಲ್ಸಿ ಮುಗೀಲಿ ನೋಡೋಣ" ಅಂದಿದ್ದರು ನಮ್ಮಪ್ಪ. ಅವರ ಮಾತನ್ನೇ ನಾನು ಇಂಗ್ಲಿಷ್ ಪರೀಕ್ಷೆಯ ಹೆಸರು ಹಾಕಿ ಮಗನಿಗೆ ದಾಟಿಸಿದ್ದೆ, ಅಷ್ಟೇ.

ಮುಂದಿನ ಶನಿವಾರ ಹುಡುಗ ಬರಲ್ಲ ಅಂದ. "ನಾನೂ ಕೂರ್ತೀನಿ, ನಗೋರು ನನ್ನ ನೋಡಿ ನಗಲಿ" ಅಂದೆ. ನಲವತ್ತೊಂಬತ್ತರ ಅಪ್ಪ ಚಾಪೆ ಮೇಲೆ ಕೂತರೆ ಹದಿಮೂರರವನನ್ನು ಯಾರು ನೋಡುತ್ತಾರೆ ಹೇಳಿ? ಅನುಮಾನದ ಮುಖ ಮಾಡಿಕೊಂಡೇ ಕಾರು ಹತ್ತಿದ. ಅಂದಹಾಗೆ, ಈ ಸರಳೆ, ಜಂಟಿಗಳ ಪಾಠಕ್ರಮ ಹಾಕಿಕೊಟ್ಟರೆಂದು ನಾವು ನಂಬುವ ಪುರಂದರದಾಸರು ಕೂಡ ಸಂಸಾರ, ವ್ಯಾಪಾರ ಎಲ್ಲ ಮಾಡಿ ಆಮೇಲೆ ದಾಸರಾದವರು ಅಂತ ಪ್ರತೀತಿ. ಚಾಪೆ ಮೇಲೆ ಕೂರುವಾಗ ಅದನ್ನೇ ನೆನೆದುಕೊಂಡೆ. ಮಂಡಿ ಲಟಕ್ ಅಂತು.

ಈಗ ನಮ್ಮಿಬ್ಬರಿಗೆ ಚಿಕ್ಕವರ ಪಾಠ ಮುಗಿದ ಮೇಲೆ ಬೇರೆ ಅರ್ಧ ಗಂಟೆ. ಮೇಡಂ ಶ್ರುತಿಪೆಟ್ಟಿಗೆಯನ್ನು ಮಕ್ಕಳ ಜಿ ಯಿಂದ ಸಿ ಗೆ ಇಳಿಸುತ್ತಾರೆ. ಅವನ ದನಿ ಕೆಲವು ವಾರ ನಿಲ್ಲುತ್ತದೆ, ಕೆಲವು ವಾರ ಜಾರುತ್ತದೆ. ನನ್ನದು ಒಡೆಯುವುದಿಲ್ಲ, ಆದರೆ ಷಡ್ಜ ಎಲ್ಲಿದೆ ಅಂತಲೇ ನನಗೆ ತಿಳಿಯುವುದಿಲ್ಲ. ಹೋದ ವಾರ ಕಣ್ಣು ಮುಚ್ಚಿ ಭಕ್ತಿಯಿಂದ ಎಳೆಯುತ್ತಿದ್ದೆ. ಪಕ್ಕದಿಂದ ಮಂಡಿ ಮೇಲೆ ಮೆಲ್ಲಗೆ ಒಂದು ತಟ್ಟು ಬಿತ್ತು.

"ಅಪ್ಪಾ, ಇನ್ನೂ ಸ್ವಲ್ಪ ಕೆಳಗೆ."