ಅರಿಶಿನದ ಕಾಗದವೂ ಸವಳು ಭೂಮಿಯೂ

ಸರ್ ಸಿ. ವಿ. ರಾಮನ್ನರವರು 1928ನೆಯ ಇಸವಿ ಫೆಬ್ರವರಿ 28ರಂದು ಬೆಳಕಿನ ಚದರಿಕೆಯನ್ನು ಕುರಿತ ತಮ್ಮ ಶೋಧವನ್ನು ಕಂಡುಕೊಂಡರು. ಅದರ ಸ್ಮರಣಾರ್ಥವಾಗಿ 1987ರಿಂದ ಆ ದಿನವು ರಾಷ್ಟ್ರೀಯ ವಿಜ್ಞಾನ ದಿನವೆಂದು ಆಚರಿಸಲ್ಪಡುತ್ತಿದ್ದು, ಆಗ ಶಾಲೆಗಳಲ್ಲಿ ವಸ್ತುಪ್ರದರ್ಶನಗಳು ನಡೆಯುವ ವಾಡಿಕೆಯುಂಟು. ಅಲ್ಲಿ ಮಕ್ಕಳು ಮನೆಯ ಪದಾರ್ಥಗಳನ್ನು ಅರಿಶಿನದ ಕಾಗದದಿಂದ ಪರೀಕ್ಷಿಸುವ ಪ್ರಯೋಗವು ಗ್ರಾಮದ ಹಿರಿಯರೂ ಜಮೀನುದಾರರೂ ಲಕ್ಷ್ಯವಿಟ್ಟು ನೋಡತಕ್ಕದ್ದಾಗಿದೆ.

ಪ್ರಯೋಗದ ಕ್ರಮವು ಸುಲಭ. ಅರಿಶಿನದ ಪುಡಿಯನ್ನು ನೀರಿನಲ್ಲಿ ಕಲಸಿ, ಮಸಿಹೀರುವ ಕಾಗದಕ್ಕೆ ಬಳಿದು ನೆರಳಿನಲ್ಲಿ ಒಣಗಿಸಬೇಕು. ಅದರ ತುಂಡುಗಳ ಮೇಲೆ ನಿಂಬೆರಸ, ಹುಣಸೆನೀರು, ಮಜ್ಜಿಗೆಗಳನ್ನು ಹಾಕಿದರೆ ಹಳದಿಯು ಹಾಗೆಯೇ ಉಳಿಯುವುದು. ಸುಣ್ಣದ ತಿಳಿ, ಬಟ್ಟೆಸೋಡಾ, ಸಾಬೂನಿನ ನೀರು, ಬೂದಿಯ ನೀರುಗಳಿಂದ ಕೆಂಪಾಗುವುದು. ಕೆಂಪಾದ ತುಂಡಿಗೆ ನಿಂಬೆರಸ ಬಿದ್ದರೆ ಪುನಃ ಹಳದಿ ಬರುವುದು. ಅರಿಶಿನಕ್ಕೆ ಸುಣ್ಣ ಬೆರಸಿ ಆರತಿಯ ಕೆಂಪು ನೀರನ್ನು ಮಾಡುವ ನಮ್ಮ ಹೆಣ್ಣುಮಕ್ಕಳಿಗೆ ಈ ಗುಣವು ಹೊಸತಲ್ಲ. ಕ್ಷಾರವು ಅರಿಶಿನದ ಬಣ್ಣವನ್ನು ಕೆಡಿಸುತ್ತದೆ, ಹುಳಿಯು ಸರಿಪಡಿಸುತ್ತದೆ ಎಂಬುದೇ ಇದರ ತತ್ತ್ವ.

ಇದು ಹೊಲಕ್ಕೆ ಹೇಗೆ ಸಂಬಂಧಿಸುವುದೆಂದರೆ, ಮಲಪ್ರಭೆಯ ನೀರಾವರಿ ಕ್ಷೇತ್ರದ ಎರೆಭೂಮಿಗಳಲ್ಲಿ ಕಾಲುವೆಯ ನೀರು ಹೆಚ್ಚಾಗಿ ನಿಂತು, ಬಸಿಯಲು ದಾರಿ ಸಾಲದೆ ಸವಳು-ಜವಳುಗಳು ಹಬ್ಬಿದ್ದುಂಟು. ಕುಳಗೇರಿ ಕ್ರಾಸಿನ ಸುತ್ತಲಿನ ಬಾದಾಮಿ ಸೀಮೆಯ ಎರೆಹೊಲದ ಒಡೆಯರೂ ಈ ವಿಷಯದಲ್ಲಿ ಎಚ್ಚರದಿಂದಿರುವುದು ಒಳ್ಳೆಯದು. ಒಂದು ಲೋಟ ಮಳೆನೀರಿನಲ್ಲಿ ಹಿಡಿ ಮಣ್ಣನ್ನು ಕಲಕಿ, ತಿಳಿಯಾದ ಬಳಿಕ ಕಾಗದವನ್ನು ಅದ್ದಿ ನೋಡಬಹುದು. ಬರಿಯ ಮಳೆನೀರಿನಲ್ಲಿ ಇನ್ನೊಂದು ತುಂಡನ್ನು ಅದ್ದಿ ಹೋಲಿಸುವುದು ಅವಶ್ಯ. ಕೊಳವೆಬಾವಿಯ ನೀರಿನಲ್ಲಿಯೇ ಕ್ಷಾರವಿರಬಹುದಾದುದರಿಂದ ಅದನ್ನು ಉಪಯೋಗಿಸಬಾರದು.

ಆದರೆ ಕಾಗದದ ಸಾಕ್ಷಿಗೆ ಮಿತಿಯಿದೆ. ಸೋಡಾ ಹೆಚ್ಚಾಗಿರುವ ಕರಲು ಭೂಮಿಯಲ್ಲಿ ರಸಸಾರವು 8.5ನ್ನು ಮೀರುವುದರಿಂದ ಕಾಗದವು ಕೆಂಪಾದೀತು. ಬಿಳಿಯ ಉಪ್ಪಿನ ಪೊರೆ ಕಟ್ಟುವ ಸವಳಿನಲ್ಲಿ ಬೆಳೆ ಸುಟ್ಟುಹೋಗುತ್ತಿದ್ದರೂ ಕಾಗದವು ಹಳದಿಯಾಗಿಯೇ ಉಳಿಯಬಹುದು. ಬಣ್ಣ ಬದಲಾಗಲಿಲ್ಲವೆಂದು ಭೂಮಿಯು ನಿರ್ದೋಷವೆಂದು ನಂಬಲಾಗದು. ಎರೆಮಣ್ಣಿನಲ್ಲಿ ಸುಣ್ಣವು ಸಹಜವಾದುದರಿಂದ, ಸ್ವಲ್ಪ ಬಣ್ಣ ತಿರುಗಿದ ಮಾತ್ರಕ್ಕೆ ಗಾಬರಿಯಾಗಲೂ ಕಾರಣವಿಲ್ಲ.

ಈ ಭೇದವನ್ನು ಅರಿಯದೆ ಹಣ ವ್ಯಯಿಸುವುದೇ ನಷ್ಟದ ಮೂಲ. ಸವಳಿಗೆ ಬಸಿಗಾಲುವೆ ತೋಡಿ ಸಿಹಿನೀರಿನಿಂದ ಉಪ್ಪನ್ನು ತೊಳೆಯುವುದು ಉಪಾಯ. ಕರಲಿಗೆ ಬಸಿಗಾಲುವೆಯೊಡನೆ ಜಿಪ್ಸಮ್ ಸಹ ಬೇಕು. ಬಸಿಯುವ ದಾರಿಯಿಲ್ಲದೆ ಜಿಪ್ಸಮ್ ಹಾಕಿದರೆ ಫಲವು ದೊರೆಯದು. ಒಬ್ಬನ ಹೊಲದ ನೀರು ನೆರೆಯವನ ಹೊಲವನ್ನು ದಾಟಿಯೇ ಹಳ್ಳ ಸೇರಬೇಕಾದುದರಿಂದ, ಇದು ಊರಿನ ಹಿರಿಯರು ಕೂಡಿಸಿ ಮಾಡಿಸತಕ್ಕ ಕೆಲಸವಾಗಿದೆ.

ಆದುದರಿಂದ ಸಂದೇಹವುಳ್ಳವರು ಹೊಲದ ಎಂಟು-ಹತ್ತು ಕಡೆ ಆರು ಅಂಗುಲ ಆಳದವರೆಗಿನ ಮಣ್ಣನ್ನು ತೆಗೆದು, ಬದು, ತಿಪ್ಪೆ, ಮರದ ನೆರಳುಗಳನ್ನು ಬಿಟ್ಟು, ಚೆನ್ನಾಗಿ ಬೆರಸಿ, ಅದರಲ್ಲಿ ಅರ್ಧ ಕಿಲೋ ಮಣ್ಣನ್ನು ನೆರಳಿನಲ್ಲಿ ಒಣಗಿಸಿ ರೈತ ಸಂಪರ್ಕ ಕೇಂದ್ರದ ಮೂಲಕ ಪರೀಕ್ಷೆಗೆ ಕಳುಹಿಸತಕ್ಕದ್ದು. ಬಿಳಿಯ ಪೊರೆ ಕಂಡ ಜಾಗದ ಮಣ್ಣನ್ನು ಬೇರೆಯಾಗಿಯೇ ಕಟ್ಟಬೇಕು. 2015ರ ಫೆಬ್ರವರಿಯಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಲ್ಲಿ ರಸಸಾರವನ್ನೂ ಲವಣಾಂಶವನ್ನೂ ತಿಳಿಸುವ ಏರ್ಪಾಡಿದೆ. ಶಾಲೆಯ ಮಕ್ಕಳಿಗೆ ತಮ್ಮ ಊರಿನ ನಾಲ್ಕು ಹೊಲಗಳ ಮಣ್ಣನ್ನು ಕೊಟ್ಟು ಕಾಗದದಿಂದ ಪರೀಕ್ಷಿಸಲು ಹೇಳಿ, ಅದರ ಫಲವನ್ನು ಚೀಟಿಯ ಅಂಕಿಗಳೊಡನೆ ಹೋಲಿಸಿ ನೋಡುವುದು ಉಭಯರಿಗೂ ಹಿತಕರವು.